ಎಷ್ಟು ಎಂಎಲ್ ಅನ್ನೋದು ಬಾಟಲಿ ನೋಡಿ ಹೇಳಬೇಕಾದ ಮಾತು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಔಷಧಿಯ ಬಗ್ಗೆ. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನಿಕ್ ಆಸಿಡ್ ಎರಡೂ ಸೇರಿರುವ ಮಕ್ಕಳ ಆಂಟಿಬಯಾಟಿಕ್ ಸಿರಪ್ ಇದೆಯಲ್ಲ, ಬಾಟಲಿಯಲ್ಲಿ ಪುಡಿ ಇರುತ್ತದೆ, ನಾವು ನೀರು ಹಾಕಿ ಕಲಸಿಕೊಳ್ಳಬೇಕು, ಅದೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಹೋದ ಸಲ ಮಗಳಿಗೆ ಕಿವಿ ನೋವು ಬಂದಾಗ ಈ ಸಿರಪ್ 5 ಎಂಎಲ್ ಕೊಡಿ ಅಂದಿದ್ದರು. ಈಗ ಮತ್ತೆ ಅದೇ ಸಿರಪ್ ಬರೆದಿದ್ದಾರೆ, ಆದರೆ 3 ಎಂಎಲ್ ಅಂತಿದೆ. ಮಗು ಬೆಳೆದಿದೆ, ತೂಕ 10 ಕೆಜಿಯಿಂದ 12 ಕೆಜಿಗೆ ಏರಿದೆ. ಡೋಸ್ ಇಳಿದದ್ದು ಹೇಗೆ? ಡಾಕ್ಟರು ತಪ್ಪಿ ಬರೆದಿರಬಹುದಾ?

ತಪ್ಪಿಲ್ಲ, ಡೋಸ್ ಏರಿಯೇ ಇದೆ. ನಿಮ್ಮ ಹಳೆಯ ಡಬ್ಬಿ ಇದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರ ಮೇಲೆ 228.5 ಅಂತಲೂ ಹೊಸದರ ಮೇಲೆ 457 ಅಂತಲೂ ಇರಬೇಕು. ಇದು 5 ಎಂಎಲ್‌ನಲ್ಲಿ ಎರಡೂ ಔಷಧಿ ಸೇರಿ ಎಷ್ಟು ಮಿಲಿಗ್ರಾಂ ಇದೆ ಅನ್ನುವ ಲೆಕ್ಕ. 228.5 ಅಂದರೆ 200 ಅಮಾಕ್ಸಿಸಿಲಿನ್, 28.5 ಕ್ಲಾವುಲನಿಕ್ ಆಸಿಡ್. 457 ಅಂದರೆ 400 ಮತ್ತು 57. ಹೆಸರು ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಡಿಮೆ ಒಂದೇ, ಒಳಗಿನ ಗಟ್ಟಿತನ ಮಾತ್ರ ಎರಡು ಪಟ್ಟು.

ಹೋದ ಸಲದ 5 ಎಂಎಲ್‌ನಲ್ಲಿ 200 ಮಿಲಿಗ್ರಾಂ ಅಮಾಕ್ಸಿಸಿಲಿನ್ ಹೋಗಿತ್ತು. ಈ ಸಲದ 3 ಎಂಎಲ್‌ನಲ್ಲಿ 240 ಹೋಗುತ್ತದೆ. ದಿನಕ್ಕೆ ಎರಡು ಸಲ ಅಂತಾದರೆ ಆಗ 10 ಕೆಜಿಗೆ 400, ಈಗ 12 ಕೆಜಿಗೆ 480. ಎರಡು ಸಲವೂ ಕೆಜಿಗೆ 40 ಮಿಲಿಗ್ರಾಂ! ಡಾಕ್ಟರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ಮಕ್ಕಳಿಗೆ ಈ ಔಷಧಿಯನ್ನು ತೂಕ ನೋಡಿ, ಅದರಲ್ಲೂ ಅಮಾಕ್ಸಿಸಿಲಿನ್ ಪಾಲನ್ನು ನೋಡಿ ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಕೆಜಿಗೆ 25ರಿಂದ 45 ಮಿಲಿಗ್ರಾಂ, ಅದನ್ನು ಎರಡು ಭಾಗ ಮಾಡಿ ಕೊಡುವುದು. ಕೆಲವು ಕಿವಿ ಸೋಂಕುಗಳಿಗೆ ಕೆಜಿಗೆ 80ರಿಂದ 90ರವರೆಗೂ ಹೋಗುತ್ತಾರೆ. ಈ ಲೆಕ್ಕವನ್ನು ನಾನು ಹೇಳಿದ್ದು ನೀವೇ ಡೋಸ್ ಹಾಕಿಕೊಳ್ಳಲಿ ಅಂತಲ್ಲ, ಎಂಎಲ್ ಅನ್ನುವುದು ತಾನಾಗಿಯೇ ಡೋಸ್ ಅಲ್ಲ ಅಂತ ಗೊತ್ತಾಗಲಿ ಅಂತ. "ನಮ್ಮ ಮಗೂಗೆ ಯಾವಾಗಲೂ 5 ಎಂಎಲ್" ಅಂತ ನೆನಪಿಟ್ಟುಕೊಂಡವರು ಗಟ್ಟಿ ಬಾಟಲಿ ಕೈಗೆ ಬಂದ ದಿನ ಎರಡು ಪಟ್ಟು ಕೊಟ್ಟುಬಿಡುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಔಷಧಿ ಅಂಗಡಿಯವರೂ ಒಮ್ಮೊಮ್ಮೆ ಮರೆಯುತ್ತಾರೆ. ಬರೆದುಕೊಟ್ಟ ಬಾಟಲಿ ಇಲ್ಲ, ಕಡಿಮೆ ಗಟ್ಟಿ ಇರುವುದು ಇದೆ, ಅದನ್ನೇ ಜಾಸ್ತಿ ಕೊಟ್ಟರಾಯಿತು ಅನ್ನುವುದು ಈ ಔಷಧಿಯಲ್ಲಿ ನಡೆಯುವುದಿಲ್ಲ. ಯಾಕೆಂದರೆ ಒಂದೊಂದು ಬಾಟಲಿಯಲ್ಲಿ ಎರಡು ಔಷಧಿಗಳ ಪ್ರಮಾಣ ಒಂದೊಂದು ಥರ. ಹೆಚ್ಚಿನ ಡೋಸಿಗೆ ಅಂತಲೇ ಇರುವ ಬಾಟಲಿಯ 5 ಎಂಎಲ್‌ನಲ್ಲಿ 600 ಅಮಾಕ್ಸಿಸಿಲಿನ್ ಇದ್ದರೆ ಕ್ಲಾವುಲನಿಕ್ ಆಸಿಡ್ ಬರೀ 42.9. ಅದೇ 600ನ್ನು 312.5 ಅಂತ ಬರೆದ, ಅಂದರೆ 250 ಮತ್ತು 62.5 ಇರುವ ಬಾಟಲಿಯಿಂದ ತೆಗೆಯಲು ಹೋದರೆ 12 ಎಂಎಲ್ ಬೇಕು, ಅದರಲ್ಲಿ ಕ್ಲಾವುಲನಿಕ್ ಆಸಿಡ್ 150 ಮಿಲಿಗ್ರಾಂ. ಮೂರು ಪಟ್ಟಿಗಿಂತ ಜಾಸ್ತಿ. ಮಗುವಿನ ಹೊಟ್ಟೆ ಕೆಡುವುದಕ್ಕೆ ಅಷ್ಟು ಸಾಕು. ಬಾಟಲಿ ಬದಲಾದರೆ ಡಾಕ್ಟರಿಗೆ ಒಂದು ಫೋನ್ ಮಾಡಿಯೇ ತೆಗೆದುಕೊಳ್ಳಿ.

ಪ್ರಶ್ನೆ: ಬರೀ ಅಮಾಕ್ಸಿಸಿಲಿನ್‌ಗಿಂತ ಇದು ಸ್ಟ್ರಾಂಗ್ ಅಂತೆ, ಹೌದಾ? ಹಾಗಿದ್ದರೆ ಯಾವಾಗಲೂ ಇದನ್ನೇ ಕೊಟ್ಟರೆ ಬೇಗ ವಾಸಿಯಾಗಲ್ವಾ?

ಸ್ಟ್ರಾಂಗ್ ಅನ್ನುವುದಕ್ಕಿಂತ, ಇದು ಕೆಲಸ ಮಾಡುವ ಜಾಗ ಬೇರೆ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ ಲ್ಯಾಕ್ಟಮೇಸ್ ಅನ್ನುವ ಕಿಣ್ವವನ್ನು ಬಿಡುತ್ತವೆ. ಅದು ಕತ್ತರಿಯ ಹಾಗೆ ಅಮಾಕ್ಸಿಸಿಲಿನ್ನನ್ನು ತುಂಡು ಮಾಡಿ ಹಾಕುತ್ತದೆ. ಕ್ಲಾವುಲನಿಕ್ ಆಸಿಡ್ ಹೋಗಿ ಆ ಕತ್ತರಿಯ ಬಾಯಿಗೇ ಸಿಕ್ಕಿಕೊಂಡು ಅದನ್ನು ಕೆಡಿಸುತ್ತದೆ. ಆಗ ಅಮಾಕ್ಸಿಸಿಲಿನ್ ತನ್ನ ಪಾಡಿಗೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಕ್ಲಾವುಲನಿಕ್ ಆಸಿಡ್ ಒಂದನ್ನೇ ಕೊಟ್ಟರೆ ಸೋಂಕೇನೂ ವಾಸಿಯಾಗುವುದಿಲ್ಲ. ಈ ಕಿಣ್ವದ ಸಂಗತಿ 1940ರಲ್ಲೇ ಗೊತ್ತಾಗಿತ್ತು, ಪೆನಿಸಿಲಿನ್ ಇನ್ನೂ ಎಲ್ಲರ ಕೈಗೆ ಸಿಗುವ ಮೊದಲೇ. ಅದಕ್ಕೆ ಮದ್ದಾಗಿ ಈ ಜೋಡಿ ಮಾರುಕಟ್ಟೆಗೆ ಬಂದದ್ದು 1981ರಲ್ಲಿ.

ಹಾಗಾಗಿ ಕತ್ತರಿಯೇ ಇಲ್ಲದ ಬ್ಯಾಕ್ಟೀರಿಯಾ ಮೇಲೆ ಈ ಜೋಡಿಯಿಂದ ಲಾಭ ಇಲ್ಲ. ಗಂಟಲು ನೋವು ತರುವ ಸ್ಟ್ರೆಪ್ಟೋಕಾಕಸ್ ಈ ಕಿಣ್ವ ಬಿಡುವುದಿಲ್ಲ, ಅದಕ್ಕೆ ಸಾದಾ ಅಮಾಕ್ಸಿಸಿಲಿನ್ ಸಾಕು. ಪದೇ ಪದೇ ಬರುವ ಕಿವಿ ಸೋಂಕು, ಸೈನಸ್ ಸೋಂಕು, ನಾಯಿ ಬೆಕ್ಕು ಕಚ್ಚಿದ ಗಾಯ, ಇಂಥ ಕಡೆ ಜೋಡಿ ಬೇಕಾಗುತ್ತದೆ. ಅನವಶ್ಯಕವಾಗಿ ಕೊಟ್ಟರೆ ಲಾಭವಂತೂ ಇಲ್ಲ, ಭೇದಿ ಮಾತ್ರ ಗ್ಯಾರಂಟಿ ಅನ್ನುವ ಹಾಗಾಗುತ್ತದೆ.

ಪ್ರಶ್ನೆ: ಪುಡಿಗೆ ನೀರು ಎಷ್ಟು ಹಾಕಬೇಕು ಅಂತ ಪ್ರತಿ ಸಲ ಗೊಂದಲ. ಗೆರೆವರೆಗೆ ಹಾಕಿ ಅಲ್ಲಾಡಿಸಿದರೆ ನೀರು ಗೆರೆಗಿಂತ ಕೆಳಗೆ ಇಳಿಯುತ್ತದೆ. ಮತ್ತೆ ಹಾಕಬೇಕಾ, ಬೇಡವಾ?

ಬಹಳ ಒಳ್ಳೆಯ ಪ್ರಶ್ನೆ, ಮತ್ತು ಜಾಸ್ತಿ ಜನ ಎಡವುವುದು ಇಲ್ಲೇ. ಹಾಕಬೇಕು. ಪುಡಿಯ ಮಧ್ಯೆ ಗಾಳಿ ಇರುತ್ತದೆ, ನೀರು ಒಳಗೆ ಇಳಿದ ಮೇಲೆ ಮಟ್ಟ ತಗ್ಗುತ್ತದೆ. ಗೆರೆ ಇರುವುದು ಎಲ್ಲ ಕಲೆತ ಮೇಲಿನ ಮಟ್ಟಕ್ಕೆ.

ಮೊದಲಿಂದ ಹೇಳುತ್ತೇನೆ. ನೀರು ಕುದಿಸಿ ಪೂರ್ತಿ ಆರಿರಬೇಕು. ಬಿಸಿ ನೀರು ಬೇಡವೇ ಬೇಡ, ಕ್ಲಾವುಲನಿಕ್ ಆಸಿಡ್ ಬಹಳ ನಾಜೂಕು, ಬಿಸಿಗೆ ಹಾಳಾಗುತ್ತದೆ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ತಿರುಗಿಸಿ ಅಂಗೈಗೆ ತಟ್ಟಿ, ತಳಕ್ಕೆ ಅಂಟಿದ ಪುಡಿ ಸಡಿಲ ಆಗಬೇಕು. ಆಮೇಲೆ ಅರ್ಧದಷ್ಟು ನೀರು ಹಾಕಿ, ಮುಚ್ಚಿ, ಚೆನ್ನಾಗಿ ಅಲ್ಲಾಡಿಸಿ. ತಲೆಕೆಳಗು ಮಾಡಿ ತಳ ನೋಡಿ, ಮೂಲೆಯಲ್ಲಿ ಗಂಟು ಉಳಿದಿರುತ್ತದೆ, ಅದು ಕರಗುವ ತನಕ ಅಲ್ಲಾಡಿಸಿ. ನೊರೆ ಇಳಿಯಲು ಬಿಡಿ. ಬಾಟಲಿಯನ್ನು ಸಮವಾದ ಕಡೆ ಇಟ್ಟು, ನೀವು ಬಗ್ಗಿ ಗೆರೆಯ ಮಟ್ಟಕ್ಕೆ ಕಣ್ಣು ತಂದು, ಉಳಿದ ನೀರನ್ನು ಗೆರೆಗೆ ಸರಿಯಾಗಿ ಸೇರಿಸಿ, ಮತ್ತೆ ಅಲ್ಲಾಡಿಸಿ. ಗೆರೆ ಕೆಲವು ಬಾಟಲಿಯಲ್ಲಿ ಲೇಬಲ್ ಮೇಲೆ ಬಾಣದ ಗುರುತಾಗಿರುತ್ತದೆ, ಕೆಲವದರಲ್ಲಿ ಬಾಟಲಿಯ ಮೈಮೇಲೇ ಉಬ್ಬಿದ ಸಣ್ಣ ಗೀರಾಗಿರುತ್ತದೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. (ಔಷಧಿ ಮಾಡುವವರು ಹೆಸರನ್ನು ಅಷ್ಟು ದೊಡ್ಡದಾಗಿ ಅಚ್ಚು ಹಾಕುತ್ತಾರೆ, ಈ ಗೆರೆಗೆ ಒಂದಿಷ್ಟು ಶಾಯಿ ಖರ್ಚು ಮಾಡಬಾರದೇ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.) ಡಬ್ಬಿಯ ಜೊತೆಗೇ ನೀರಿನ ಸಣ್ಣ ಸೀಸೆ ಬಂದಿದ್ದರೆ ಅದನ್ನು ಬಳಸಿ, ಡಬ್ಬಿಯ ಮೇಲೆ ಹೇಗೆ ಬರೆದಿದ್ದಾರೋ ಹಾಗೆಯೇ.

ನೀರು ಹೆಚ್ಚಾದರೆ ಏನಾಗುತ್ತದೆ ಅಂತ ಕೇಳುವವರಿಗೆ: ಮೇಲೆ ಹೇಳಿದ 457ರ 30 ಎಂಎಲ್ ಬಾಟಲಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಟ್ಟು 2400 ಮಿಲಿಗ್ರಾಂ ಅಮಾಕ್ಸಿಸಿಲಿನ್. ಕಣ್ಣಂದಾಜಿನಲ್ಲಿ ನೀರು ಹಾಕಿ ಅದು 40 ಎಂಎಲ್ ಆದರೆ, ನಿಮ್ಮ 3 ಎಂಎಲ್‌ನಲ್ಲಿ 240ರ ಬದಲು 180 ಮಾತ್ರ. ಕಾಲು ಭಾಗ ಖೋತಾ, ಅದೂ ಕೋರ್ಸ್ ಪೂರ್ತಿ. ಗೆರೆ ಮೀರಿ ಹೋಗಿದ್ದರೆ ಮೇಲಿನದನ್ನು ಚೆಲ್ಲಿ ಸರಿಮಾಡಲು ಹೋಗಬೇಡಿ, ಚೆಲ್ಲುವಾಗ ಔಷಧಿಯೂ ಹೋಗುತ್ತದಲ್ಲ. ಅಂಗಡಿಯವರನ್ನು ಕೇಳಿ, ಬೇರೆ ಬಾಟಲಿ ತರುವುದೇ ಸರಿಯಾಗಬಹುದು. ಇನ್ನು ಒಬ್ಬರು ಪುಡಿಯನ್ನೇ ಚಮಚದಲ್ಲಿ ತೆಗೆದು ಒಂದೊಂದು ಹೊತ್ತಿಗೆ ಬೇಕಾದಷ್ಟು ಕಲಸುತ್ತೇವೆ, ಫ್ರೆಶ್ ಆಗಿರುತ್ತದೆ ಅಂತ ಬರೆದಿದ್ದಾರೆ. ದಯವಿಟ್ಟು ನಿಲ್ಲಿಸಿ. ಆ ಚಮಚದಲ್ಲಿ ಎಷ್ಟು ಔಷಧಿ ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಬಾಟಲಿ ತೆರೆದು ಮುಚ್ಚುವಾಗ ತೇವ ತಾಗಿ ಉಳಿದ ಪುಡಿಯೂ ಕೆಡುತ್ತದೆ.

ಸಾಧ್ಯವಿದ್ದರೆ ಅಂಗಡಿಯಲ್ಲೇ ಕಲಸಿಕೊಡಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ?

ಪ್ರಶ್ನೆ: ಡಬ್ಬಿಯ ಮೇಲೆ ಎಕ್ಸ್‌ಪೈರಿ ಇನ್ನೂ ಒಂದು ವರ್ಷ ಇದೆ. ಅರ್ಧ ಬಾಟಲಿ ಫ್ರಿಜ್ಜಿನಲ್ಲಿ ಉಳಿದಿದೆ. ಈಗ ತಮ್ಮನಿಗೂ ಜ್ವರ, ಕೊಡಬಹುದಾ?

ಬೇಡ. ಆ ಎಕ್ಸ್‌ಪೈರಿ ಒಣ ಪುಡಿಗೆ. ನೀರು ಬಿದ್ದ ದಿನದಿಂದ ಲೆಕ್ಕ ಬೇರೆ. ಸಾಮಾನ್ಯವಾಗಿ 7 ದಿನ, ಕೆಲವು ತಯಾರಿಕೆಗಳಲ್ಲಿ 10 ದಿನ, ಡಬ್ಬಿಯ ಮೇಲೆ ಬರೆದಿರುತ್ತದೆ. ಕಲಸಿದ ದಿನಾಂಕವನ್ನು ಪೆನ್ನಿನಲ್ಲಿ ಲೇಬಲ್ ಮೇಲೆಯೇ ಬರೆದುಬಿಡಿ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಒಳಗಿನ ತಟ್ಟೆಯಲ್ಲಿ ಇಡಿ, ಬಾಗಿಲಲ್ಲಿ ಬೇಡ, ಫ್ರೀಜರಿನಲ್ಲಂತೂ ಬೇಡವೇ ಬೇಡ. ಬಣ್ಣ ಕಂದು ತಿರುಗಿದ್ದರೆ ದಿನ ಆಗಿರಲಿ ಬಿಡಲಿ, ಅದು ಕೆಟ್ಟಿದೆ ಅಂತಲೇ.

ತಮ್ಮನ ಜ್ವರ ಬೇರೆ, ತೂಕ ಬೇರೆ. ಅವನಿಗೆ ವೈರಲ್ ಇರಬಹುದು. ಅವನನ್ನು ಡಾಕ್ಟರಿಗೆ ತೋರಿಸಿ.

ಕೋರ್ಸ್ ಎಷ್ಟು ದಿನ, ಬಾಟಲಿ ಎಷ್ಟು ದಿನ ಬರುತ್ತದೆ ಅಂತಲೂ ಮೊದಲೇ ನೋಡಿಕೊಳ್ಳಿ. ದಿನಕ್ಕೆ ಎರಡು ಸಲ 3 ಎಂಎಲ್ ಅಂದರೆ 30 ಎಂಎಲ್ ಬಾಟಲಿ ಐದೇ ದಿನಕ್ಕೆ ಮುಗಿಯಿತು. ಏಳು ದಿನ ಬರೆದಿದ್ದರೆ ಎರಡು ಬಾಟಲಿ ಬೇಕು. ಎರಡನ್ನೂ ಒಟ್ಟಿಗೇ ಕಲಸಬೇಡಿ, ಎರಡನೆಯದನ್ನು ಮೊದಲನೆಯದು ಮುಗಿದಾಗ ಕಲಸಿದರೆ ಸಾಕು.

ಪ್ರಶ್ನೆ: ಮಗ ಬಾಯೇ ತೆರೆಯಲ್ಲ. ತೆರೆದರೂ ಉಗಿಯುತ್ತಾನೆ, ಇಲ್ಲ ವಾಂತಿ ಮಾಡುತ್ತಾನೆ. ಹಾಲಿನ ಬಾಟಲಿಯಲ್ಲಿ ಬೆರೆಸಿಬಿಡಲೇ?

ಬಾಟಲಿ ತುಂಬ ಹಾಲಿಗೆ ಬೆರೆಸಿ, ಅವನು ಅರ್ಧ ಕುಡಿದು ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತ ಹೇಗೆ ಹೇಳುತ್ತೀರಿ? ಅದಕ್ಕಿಂತ ಸೂಜಿ ಇಲ್ಲದ ಸಿರಿಂಜ್ ಒಳ್ಳೆಯದು, ಬಾಯಿಗೆ ಹಾಕುವುದಕ್ಕೆ ಅಂತಲೇ ಸಿಗುತ್ತದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ (ಪ್ರತಿ ಸಲ, ಇಲ್ಲದಿದ್ದರೆ ಔಷಧಿ ತಳದಲ್ಲಿ ಕೂತು ಮೊದಲ ದಿನ ತೆಳು, ಕೊನೆಯ ದಿನ ಗಟ್ಟಿ ಆಗುತ್ತದೆ), ಸರಿಯಾಗಿ ಎಳೆದುಕೊಂಡು, ಮಗುವನ್ನು ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಡಿ. ಮಲಗಿಸಿ, ಮೂಗು ಹಿಡಿದು ಗಂಟಲಿಗೆ ಸುರಿಯುವುದು ಅಪಾಯ, ಉಸಿರಿಗೆ ಹೋಗಬಹುದು. ಅಡುಗೆ ಮನೆಯ ಚಮಚವನ್ನು ಅಳತೆಗೆ ನಂಬಬೇಡಿ, ಒಂದೊಂದು ಚಮಚ ಒಂದೊಂದು ಸೈಜ್.

ಊಟ ಶುರುಮಾಡುವ ಹೊತ್ತಿಗೆ ಕೊಟ್ಟರೆ ಎರಡು ಲಾಭ. ಹೊಟ್ಟೆ ತೊಳಸುವುದು ಕಡಿಮೆ, ಕ್ಲಾವುಲನಿಕ್ ಆಸಿಡ್ ಮೈಗೆ ಚೆನ್ನಾಗಿ ಹತ್ತುತ್ತದೆ. ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಸಾಮಾನ್ಯವಾಗಿ ಅದೇ ಡೋಸ್ ಇನ್ನೊಂದು ಸಲ ಕೊಡಲು ಹೇಳುತ್ತಾರೆ. ಅರ್ಧ ಗಂಟೆ ದಾಟಿದ್ದರೆ ಬೇಡ, ಮುಂದಿನ ಹೊತ್ತಿಗೇ ಕೊಡಿ. ಎರಡನೇ ಸಲವೂ ವಾಂತಿಯಾದರೆ ಡಾಕ್ಟರಿಗೆ ಹೇಳಿ. ಒಂದು ಹೊತ್ತು ಮರೆತುಹೋದರೆ ನೆನಪಾದ ತಕ್ಷಣ ಕೊಡಿ, ಆದರೆ ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಸೇರಿಸಿ ಕೊಡಬೇಡಿ.

ಪ್ರಶ್ನೆ: ಸಿರಪ್ ಶುರುಮಾಡಿ ಆರನೇ ದಿನಕ್ಕೆ ಮೈಮೇಲೆ ಕೆಂಪು ಗುಳ್ಳೆ. ಜೊತೆಗೆ ಭೇದಿ. ಇದು ಅಲರ್ಜಿಯಾ?

ಎರಡನ್ನೂ ಬೇರೆ ಬೇರೆ ನೋಡೋಣ.

ಭೇದಿ ಈ ಔಷಧಿಯ ಹಳೆಯ ಚಾಳಿ. ದಿನಕ್ಕೆ ಕೆಲವು ಸಲ ಸಡಿಲವಾಗಿ ಆಗುತ್ತಾ, ಮಗು ಆಡಿಕೊಂಡು, ನೀರು ಕುಡಿದುಕೊಂಡಿದ್ದರೆ ಓಆರ್‌ಎಸ್ ಕೊಡುತ್ತಾ ಕೋರ್ಸ್ ಮುಂದುವರಿಸಬಹುದು. ಭೇದಿ ಕಟ್ಟುವ ಮಾತ್ರೆ ಕೊಡಬೇಡಿ. ಮಲದಲ್ಲಿ ರಕ್ತ ಕಂಡರೆ, ನೀರಿನಂತೆ ಪದೇ ಪದೇ ಹೋಗುತ್ತಿದ್ದರೆ, ಹೊಟ್ಟೆ ಹಿಂಡುವ ನೋವು ಇದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ತೋರಿಸಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವುದು ಬೆಳೆದಿರಬಹುದು. ಅದು ಔಷಧಿ ನಿಲ್ಲಿಸಿದ ಎರಡು ತಿಂಗಳವರೆಗೂ ಕಾಣಿಸಿಕೊಳ್ಳಬಹುದು, ಆಗ ಡಾಕ್ಟರಿಗೆ ಈ ಸಿರಪ್ ಕೊಟ್ಟಿದ್ದನ್ನು ಹೇಳಲು ಮರೆಯಬೇಡಿ.

ಗುಳ್ಳೆಯಲ್ಲಿ ಯಾವಾಗ ಬಂತು, ಹೇಗಿದೆ ಅನ್ನುವುದು ಮುಖ್ಯ. ಔಷಧಿ ಕುಡಿದು ಸ್ವಲ್ಪ ಹೊತ್ತಿಗೇ ದದ್ದು ಎದ್ದು ತುರಿಕೆ, ತುಟಿ ಕಣ್ಣು ಊದಿಕೊಳ್ಳುವುದು, ಉಬ್ಬಸ, ಮಗು ಮಂಕಾಗುವುದು, ಇವುಗಳಲ್ಲಿ ಯಾವುದು ಕಂಡರೂ ಔಷಧಿ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಓಡಿ, ಫೋನ್ ಮಾಡುತ್ತಾ ಕೂರುವ ಹೊತ್ತಲ್ಲ. ಚರ್ಮ ಸುಲಿದರೆ, ಬಾಯಿ ಕಣ್ಣಲ್ಲಿ ಹುಣ್ಣಾದರೆ ಕೂಡ ಹಾಗೇ. ನೀವು ಹೇಳಿದ ಹಾಗೆ ಐದಾರು ದಿನ ಕಳೆದು ಬರುವ, ತುರಿಕೆ ಅಷ್ಟಾಗಿ ಇಲ್ಲದ ಚಪ್ಪಟೆ ಕೆಂಪು ಕಲೆಗಳು ಎಷ್ಟೋ ಸಲ ನಿಜವಾದ ಅಲರ್ಜಿ ಆಗಿರುವುದಿಲ್ಲ, ಕಾಯಿಲೆಯ ವೈರಸ್ಸಿನಿಂದಲೇ ಬಂದಿರುತ್ತವೆ. ಆದರೆ ಅದನ್ನು ಮನೆಯಲ್ಲಿ ನಿರ್ಧರಿಸಲು ಆಗದು. ಫೋಟೋ ತೆಗೆದಿಟ್ಟು, ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಮಾತಾಡಿ. ಯಾವ ಔಷಧಿ, ಎಷ್ಟನೇ ದಿನ, ಹೇಗಿತ್ತು ಅಂತ ಬರೆದಿಡಿ. ಪೆನಿಸಿಲಿನ್ ಅಲರ್ಜಿ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಹೆಚ್ಚಿನವರಿಗೆ ಪರೀಕ್ಷೆ ಮಾಡಿದಾಗ ಅಲರ್ಜಿಯೇ ಇರುವುದಿಲ್ಲ. ಸುಮ್ನೆ "ಅಲರ್ಜಿ" ಅಂತ ಒಂದೇ ಮಾತು ಬರೆದಿಟ್ಟರೆ ಮುಂದೆ ಅವರಿಗೆ ಒಳ್ಳೆಯ ಔಷಧಿಯೊಂದು ಇಲ್ಲವಾಗುತ್ತದೆ.

ಪ್ರಶ್ನೆ: ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಇನ್ನೂ ಕೊಡಬೇಕಾ?

ಬರೆದಷ್ಟು ದಿನ ಕೊಡಿ. ಹಿಂದೆ ಹತ್ತು ದಿನ ಕೊಡುತ್ತಿದ್ದ ಕೆಲವು ಸೋಂಕುಗಳಿಗೆ ಈಗ ಐದು ದಿನ ಸಾಕು ಅನ್ನುತ್ತಾರೆ, ಅದು ನಿಜ. ಆದರೆ ಯಾವುದಕ್ಕೆ ಎಷ್ಟು ಅಂತ ನಿರ್ಧರಿಸುವವರು ಡಾಕ್ಟರು. ಬೇಗ ನಿಲ್ಲಿಸಬಹುದಾ ಅಂತ ಅವರನ್ನು ಧೈರ್ಯವಾಗಿ ಕೇಳಿ. ಡೋಸ್ ಕಡಿಮೆ ಮಾಡಿಕೊಂಡು ಎಳೆಯುವುದು ಮಾತ್ರ ಬೇಡ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದರು, ಸಾಯದಷ್ಟು ಕಡಿಮೆ ಔಷಧಿ ಕೊಟ್ಟರೆ ಬ್ಯಾಕ್ಟೀರಿಯಾ ಅದನ್ನು ತಡೆದುಕೊಳ್ಳಲು ಕಲಿಯುತ್ತವೆ ಅಂತ.

ಎರಡು ಮೂರು ದಿನವಾದರೂ ಸ್ವಲ್ಪವೂ ಸುಧಾರಿಸದಿದ್ದರೆ ಕೋರ್ಸ್ ಮುಗಿಯುವ ತನಕ ಕಾಯಬೇಡಿ, ಮತ್ತೆ ತೋರಿಸಿ.

ಪ್ರಶ್ನೆ: ಸಿಂಬಳ ಹಳದಿ ಹಸಿರು ಆಗಿದೆ. ಹಳೆಯ ಚೀಟಿ ತೋರಿಸಿ ಸಿರಪ್ ತರಬಹುದಾ?

ತರಬೇಡಿ. ನೆಗಡಿ ಬಲಿತಾಗ ವೈರಲ್ ಆದರೂ ಸಿಂಬಳ ಹಳದಿ ಹಸಿರು ಆಗುತ್ತದೆ. ಬಣ್ಣ ನೋಡಿ ಆಂಟಿಬಯಾಟಿಕ್ ಕೊಡುವುದಿಲ್ಲ. ಹತ್ತು ದಿನವಾದರೂ ಕಡಿಮೆಯಾಗದಿದ್ದರೆ, ಅಥವಾ ವಾಸಿಯಾಗುತ್ತಾ ಬಂದು ಮತ್ತೆ ಜ್ವರ ಏರಿದರೆ ತೋರಿಸಿ.

ಪ್ರಶ್ನೆ: ಅತ್ತೆಗೆ 74 ವರ್ಷ, ಮಾತ್ರೆ ನುಂಗಲು ಆಗಲ್ಲ, ಅದಕ್ಕೆ ಅವರಿಗೂ ಇದೇ ಸಿರಪ್ ಕೊಟ್ಟಿದ್ದಾರೆ. ಮಕ್ಕಳ ಔಷಧಿ ಅಲ್ವಾ, ಏನೂ ತೊಂದರೆ ಆಗಲ್ಲ ತಾನೇ?

ಸಿರಪ್ ಆದ ಮಾತ್ರಕ್ಕೆ ಮೃದು ಅಂತಲ್ಲ, ಒಳಗಿರುವುದು ಮಾತ್ರೆಯಲ್ಲಿರುವ ಔಷಧಿಯೇ. ದೊಡ್ಡವರಲ್ಲಿ ಮೂರು ವಿಷಯ ಡಾಕ್ಟರಿಗೆ ಗೊತ್ತಿರಬೇಕು. ಕಿಡ್ನಿ ತೊಂದರೆ ಇದ್ದರೆ ಡೋಸ್ ಬದಲಾಗಬೇಕಾಗಬಹುದು. ರಕ್ತ ತೆಳು ಮಾಡುವ ವಾರ್ಫರಿನ್, ಕೀಲು ನೋವಿಗೆ ಕೊಡುವ ಮೆಥೊಟ್ರೆಕ್ಸೇಟ್, ಗೌಟ್‌ಗೆ ಕೊಡುವ ಅಲೊಪ್ಯುರಿನಾಲ್, ಇವನ್ನು ತೆಗೆದುಕೊಳ್ಳುತ್ತಿದ್ದರೆ ಹೇಳಬೇಕು. ಮೂರನೆಯದು ಲಿವರ್. ಈ ಜೋಡಿಯಿಂದ ಅಪರೂಪಕ್ಕೆ ಕಾಮಾಲೆ ಬರುತ್ತದೆ, ವಯಸ್ಸಾದವರಲ್ಲಿ, ಅದರಲ್ಲೂ ಗಂಡಸರಲ್ಲಿ, ಮತ್ತು ಬಹಳ ದಿನ ತೆಗೆದುಕೊಂಡಾಗ ಜಾಸ್ತಿ. ಔಷಧಿ ನಿಲ್ಲಿಸಿ ಕೆಲವು ವಾರ ಆದ ಮೇಲೂ ಬರಬಹುದು, ಅದಕ್ಕೇ ಯಾರೂ ಇದಕ್ಕೂ ಅದಕ್ಕೂ ಗಂಟು ಹಾಕುವುದಿಲ್ಲ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಕಾರಣವಿಲ್ಲದ ಮೈ ತುರಿಕೆ ಕಂಡರೆ ಹೇಳಿ. ಹಿಂದೆ ಇದೇ ಔಷಧಿಯಿಂದ ಒಮ್ಮೆ ಕಾಮಾಲೆ ಬಂದಿದ್ದರೆ ಮತ್ತೆ ಇದನ್ನು ಮುಟ್ಟುವ ಹಾಗಿಲ್ಲ.

ಪ್ರಶ್ನೆ: ಕೋ-ಟ್ರೈಮಾಕ್ಸಜೋಲ್ ಅಂತ ಇನ್ನೊಂದು ಸಿರಪ್ ಕೊಟ್ಟಿದ್ದಾರೆ. ಇದೂ ಎರಡು ಸೇರಿದ್ದೇ ಅಂತೆ. ಇದನ್ನೂ ಫ್ರಿಜ್ಜಿನಲ್ಲೇ ಇಡಬೇಕಾ?

ಬೇಡ, ಅದು ದ್ರವವಾಗಿಯೇ ಬರುತ್ತದೆ, ನೀರು ಬೆರೆಸುವ ಕೆಲಸವಿಲ್ಲ, ಬಿಸಿಲು ಬೀಳದ ಕಡೆ ಹೊರಗೇ ಇಡಬಹುದು. ಅಲ್ಲಾಡಿಸುವುದು ಮಾತ್ರ ಇದಕ್ಕೂ ಬೇಕು. ಸಲ್ಫಾಮೆಥಾಕ್ಸಜೋಲ್ ಮತ್ತು ಟ್ರೈಮೆಥೊಪ್ರಿಮ್ ಅದರಲ್ಲಿರುವ ಎರಡು ಔಷಧಿ, ಮಕ್ಕಳ ಸಿರಪ್ಪಿನ 5 ಎಂಎಲ್‌ನಲ್ಲಿ ಸಾಮಾನ್ಯವಾಗಿ 200 ಮತ್ತು 40 ಮಿಲಿಗ್ರಾಂ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಫೋಲೇಟ್ ತಯಾರಾಗುವುದನ್ನು ಎರಡೂ ಎರಡು ಹಂತದಲ್ಲಿ ತಡೆಯುತ್ತವೆ. ಇದು ಪೆನಿಸಿಲಿನ್ ಜಾತಿಯದ್ದಲ್ಲ, ಆದರೆ ಸಲ್ಫಾ ಅಲರ್ಜಿ ಇದ್ದವರಿಗೆ ಕೊಡಬಾರದು. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವ ಮಕ್ಕಳಲ್ಲಿ ರಕ್ತಕಣ ಒಡೆಯುವ ಅಪಾಯ ಇದೆ, ಮನೆಯಲ್ಲಿ ಯಾರಿಗಾದರೂ ಹಾಗಿದ್ದರೆ ಮೊದಲೇ ಹೇಳಿ. ಹುಟ್ಟಿದ ಮೊದಲ ಕೆಲವು ವಾರದ ಕೂಸುಗಳಿಗೆ ಇದನ್ನು ಕೊಡುವುದಿಲ್ಲ. ನೀರು ಚೆನ್ನಾಗಿ ಕುಡಿಸಿ. ಹಿಂದಿನ ಸಿರಪ್ ಫ್ರಿಜ್ಜಿನಲ್ಲಿ ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಕೊಡುತ್ತಾ ಹೋಗಬೇಡಿ, ಹಳೆಯದನ್ನು ನಿಲ್ಲಿಸಬೇಕಾ ಅಂತ ಬರೆದವರನ್ನೇ ಕೇಳಿ.